ಒಂದು ರೂಪಾಯಿಗೆ ಎಪ್ಪತ್ತೈದು ಯೆನ್

ಮೊನ್ನೆ ಅವರೆಕಾಯಿ ಬಿಡಿಸಲು ಹಳೆಯ ಪೇಪರು ಹಾಸಿಕೊಂಡು ಕೂತಿದ್ದೆ. ಸಿಪ್ಪೆ ಸರಿಸಿದಾಗ ಕೆಳಗೆ ವಿದೇಶಿ ಹಣದ ದರಪಟ್ಟಿ ಕಂಡಿತು. ಡಾಲರು, ಪೌಂಡುಗಳ ಕೆಳಗೆ ಜಪಾನಿನ ಯೆನ್. ಈಗ ನಮ್ಮ ಒಂದು ರೂಪಾಯಿಗೆ ಎರಡು ಯೆನ್ ಕೂಡ ಬರುವುದಿಲ್ಲವಂತೆ. ಓದಿ ಒಬ್ಬಳೇ ನಕ್ಕೆ. ಒಬ್ಬಳೇ ನಗುವ ಮುದುಕಿಯನ್ನು ಮನೆಯವರು ಒಂಥರಾ ನೋಡುತ್ತಾರೆ, ಅದಕ್ಕೇ ನಿಮಗೂ ಹೇಳಿಬಿಡುತ್ತೇನೆ.

ನಾನು ಚಿಂತಾಮಣಿಯ ಹುಡುಗಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಶಿಡ್ಲಘಟ್ಟದ ಹತ್ತಿರದ ಮೇಲೂರಿಗೆ ಸೊಸೆಯಾಗಿ ಬಂದೆ. ಗಂಡನಿಗೆ ಗೌರಿಬಿದನೂರಿನಲ್ಲಿ ಮೇಷ್ಟರ ಕೆಲಸ. ಶನಿವಾರ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅತ್ತೆ, ಮಾವ, ನಾನು ಮತ್ತು ತಟ್ಟೆಗಳ ತುಂಬ ರೇಷ್ಮೆ ಹುಳುಗಳು. ಎಲ್ಲರಿಗಿಂತ ಹೆಚ್ಚು ಮರ್ಯಾದೆ ಹುಳುಗಳಿಗೇ. ಅವು ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುಗಳಿಗೆ ಜ್ವರ ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವಂತಿರಲಿಲ್ಲ. ನನಗೆ ಜ್ವರ ಬಂದಾಗ ಅಷ್ಟು ನಿಶ್ಶಬ್ದ ಇದ್ದದ್ದು ನೆನಪಿಲ್ಲ.

ಅರವತ್ತಾರನೇ ಇಸವಿಯ ಅವರೆಯ ಕಾಲದಲ್ಲಿ, ನಮ್ಮವರು ಹುಳು ಸಾಕುವುದನ್ನು ಹತ್ತಿರದಿಂದ ನೋಡಬೇಕೆಂದು ಜಪಾನಿನಿಂದ ಒಬ್ಬರು ಬಂದರು. ತನಾಕಾ ಎಂದು ಹೆಸರು. ಅತ್ತೆ ಮೊದಲ ದಿನವೇ ಅದಕ್ಕೊಂದು ಅಪ್ಪ ಸೇರಿಸಿ ತನಕಪ್ಪ ಮಾಡಿದರು. ರೇಷ್ಮೆ ಇಲಾಖೆಯ ಜೀಪು ಅವರನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಲು ಮಾವನೇ ಕಾರಣ. ಸೊಸೆಗೆ ಇಂಗ್ಲಿಷು ಬರುತ್ತದೆ ಎಂದು ಸಂತೆಯಲ್ಲೆಲ್ಲ ಹೇಳಿಕೊಂಡಿದ್ದರು. ನನ್ನದು ಪರೀಕ್ಷೆಯ ಇಂಗ್ಲಿಷು: ಹಸುವಿನ ಮೇಲೆ ಒಂದು ಪುಟ ಬರೆಯಬಲ್ಲೆ, ಹಸು ಎಲ್ಲಿ ಹೋಯಿತೆಂದು ಕೇಳಲಾರೆ. ಪುಣ್ಯಕ್ಕೆ ತನಾಕಾ ಅವರದೂ ಹಾಗೇ ಇತ್ತು. ಊಟಕ್ಕೆ ಕೂತಾಗ ಅತ್ತೆ, “ಮುದ್ದೆ ಅಗೀಬಾರ್ದು, ನುಂಗಬೇಕು ಅಂತ ಹೇಳಮ್ಮ” ಎಂದರು. ನಾನು ಹೇಳಿದೆ. ಅವರು ಅದೇನೋ ಔಷಧಿ ಎಂದುಕೊಂಡು, ನೀರಿನ ಲೋಟ ಪಕ್ಕಕ್ಕಿಟ್ಟುಕೊಂಡು, ಕಣ್ಣು ಮುಚ್ಚಿ ನುಂಗಿದರು.

ಸಂಜೆ ಜಗಲಿಯಲ್ಲಿ ನಾಲ್ಕು ಜನ ಸೇರಿದಾಗ ಮಾವ ನನ್ನಿಂದ ಕೇಳಿಸಿದರು, “ನಮ್ಮ ಒಂದ್ರೂಪಾಯಿಗೆ ನಿಮ್ಮ ದುಡ್ಡು ಎಷ್ಟು?”

ತನಾಕಾ ಒಂದು ಚೀಟಿಯ ಮೇಲೆ ಎಪ್ಪತ್ತೈದು ಎಂದು ಬರೆದು ತೋರಿಸಿದರು.

ಅತ್ತೆ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಕನಿಕರ ಹೆಚ್ಚಾದರೆ ಅವರಿಗೆ ತೆಲುಗು ಬರುತ್ತಿತ್ತು. “ಅಯ್ಯೋ ಪಾಪಂ, ಎಪ್ಪತ್ತೈದು ಕೊಟ್ರೆ ಒಂದಾ? ಅಷ್ಟು ಬಡವರಾ?” ಅಂದಿನಿಂದ ತನಾಕಾ ಅವರ ಸಾರಿಗೆ ಇನ್ನೊಂದು ಚಮಚ ತುಪ್ಪ ಬಿತ್ತು. ಮಲಗಲು ಒಳ್ಳೆಯ ಕಂಬಳಿ ಹೋಯಿತು. ನನ್ನ ಗಂಡನ ಕಂಬಳಿ.

ತನಾಕಾ ಹುಳುಮನೆಯಲ್ಲಿ ಎಲ್ಲವನ್ನೂ ನೋಡಿದರು. ಹೋಗುವ ಹಿಂದಿನ ದಿನ ಬಹಳ ವಿನಯದಿಂದ ಕೆಲವು ಮಾತು ಹೇಳಿದರು. ಒಳಗೆ ಬರುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಹುಳುಗಳನ್ನು ಒತ್ತೊತ್ತಾಗಿ ಬಿಡಬೇಡಿ, ಕಿಟಕಿ ತೆಗೆದಿಡಿ, ಕಾಯಿಲೆ ಬಿದ್ದದ್ದನ್ನು ಕೂಡಲೇ ಆರಿಸಿ ಹೂಳಿ. ನಾನು ಕನ್ನಡ ಮಾಡಿ ಹೇಳಿದೆ. ಮಾವ ಜಗಲಿಯವರ ಕಡೆ ತಿರುಗಿ, “ಅವನು ಎಪ್ಪತ್ತೈದು ಸಲ ಹೇಳಿದ್ರೆ ನಮ್ಮೋನು ಒಂದು ಸಲ ಹೇಳ್ದಂಗೆ” ಎಂದರು. ಎಲ್ಲರೂ ನಕ್ಕರು. ತನಾಕಾ ಕೂಡ ನಕ್ಕು, ಏನಂದರು ಎಂದು ನನ್ನನ್ನು ಕೇಳಿದರು. ಬಹಳ ಸಂತೋಷವಾಯಿತಂತೆ ಎಂದೆ.

ಹೊರಡುವಾಗ ಅತ್ತೆ ವೀಳ್ಯದೆಲೆಯ ಮೇಲೆ ಒಂದು ರೂಪಾಯಿ ಇಟ್ಟು ಕೊಟ್ಟರು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಸೊಂಟದವರೆಗೂ ಬಗ್ಗಿದರು.

“ನೋಡ್ದೇನಮ್ಮ, ಹೆಂಗೆ ಬಗ್ಗಿದ,” ಎಂದು ಅತ್ತೆ ಕಣ್ಣೊರೆಸಿಕೊಂಡರು. “ಇನ್ನೆಷ್ಟು ಕಷ್ಟವೋ.”

ಪಾಪ ಎನ್ನಿಸಿದವರ ಮಾತನ್ನು ಅತ್ತೆ ತಳ್ಳಿಹಾಕಲಾರರು. ಬೇಸಿಗೆಯ ಬೆಳೆಗೆ ಹಿತ್ತಿಲ ಕೋಣೆಯ ಹುಳುಗಳನ್ನು ತಾವು ವಹಿಸಿಕೊಂಡು, ತನಕಪ್ಪ ಹೇಳಿದಂತೆಯೇ ಸಾಕಿದರು. “ಮನೇಲಿ ಉಂಡು ಹೋದೋನು, ಅವನ ಮಾತು ಯಾಕೆ ಮುರೀಬೇಕು?” ಮುಂದಿನ ಕೋಣೆ ಮಾವನದು, ಅವರ ತಂದೆಯ ಕಾಲದ ಕ್ರಮದಂತೆ. ಹುಳುಗಳು ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಮಾವನ ಕೋಣೆಗೆ ಕಾಯಿಲೆ ಬಿತ್ತು. ಹುಳುಗಳು ಊದಿಕೊಂಡು, ಒಡೆದು, ಹಾಲಿನಂಥ ನೀರು ಸುರಿಸುತ್ತ ಸತ್ತವು. ಹಿತ್ತಿಲ ಕೋಣೆಯಲ್ಲಿ ಮಾತ್ರ ಬೆಳ್ಳಗೆ, ಗಟ್ಟಿಯಾಗಿ ಗೂಡು ಕೂತವು.

“ಮೊಟ್ಟೇನೇ ಸರಿ ಇರ್ಲಿಲ್ಲ,” ಎಂದರು ಮಾವ.

“ನಂದೂ ಅದೇ ಮೊಟ್ಟೆ ಅಲ್ವಾ?” ಎಂದರು ಅತ್ತೆ.

ಮಾವ ಟವೆಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದರು. ಇಡೀ ಜಗಲಿಯನ್ನು ನಗಿಸಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಎಷ್ಟೋ ದಿನ ಅವರು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಆ ಕಾಯಿಲೆ ಇನ್ನೊಂದು ಬೆಳೆಗೆ ಬಂದಿದ್ದರೆ ತಟ್ಟೆಗಳನ್ನೇ ಮಾರಬೇಕಿತ್ತು.

ಜೂನ್ ತಿಂಗಳಲ್ಲಿ ರೇಡಿಯೋ ಹೇಳಿತು: ಸರ್ಕಾರ ರೂಪಾಯಿಯ ಬೆಲೆ ಇಳಿಸಿದೆ. ಜಗಲಿಯಲ್ಲಿ ಕೂತವರೆಲ್ಲ ಸಾವಿನ ಸುದ್ದಿ ಬಂದಂತೆ ಮುಖ ಮಾಡಿಕೊಂಡರು. ಮಾವ ಒಳಗೆ ಬಂದು, “ಈಗ ಆ ಯೆನ್ನು ಎಷ್ಟಾಯ್ತದೆ, ನೋಡಮ್ಮ” ಎಂದರು. ಪೇಪರಿನಲ್ಲಿದ್ದ ಡಾಲರಿನ ದರ ಹಿಡಿದು ಲೆಕ್ಕ ಹಾಕಿದೆ. ಎಪ್ಪತ್ತೈದು ನಲವತ್ತೆಂಟಕ್ಕೆ ಇಳಿದಿತ್ತು.

“ಸದ್ಯ, ಆ ತನಕಪ್ಪನಿಗೆ ಒಳ್ಳೇದಾಯ್ತಲ್ಲ,” ಎಂದರು ಅತ್ತೆ.

ಮಾವ ಗಂಟಲು ಸರಿಮಾಡಿಕೊಂಡು, ಜಗಲಿಗೂ ಕೇಳುವಂತೆ, “ಅಂಗಾದ್ರೆ ಅವನ ಮಾತಿಗೂ ಈಗ ಬೆಲೆ ಏರಿತು ಅನ್ನು. ಕೇಳ್ಬೇಕಾಯ್ತದೆ” ಎಂದು ಬಚ್ಚಲಿಗೆ ಹೋದರು. ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡು ಹುಳುಮನೆಯ ಕಿಟಕಿ ತೆಗೆದರು.

ಮಾವನಿಗೆ ಲೆಕ್ಕದ ಹುಚ್ಚು ಎಂದು ಈ ಕಥೆ ಹೇಳಿ ಎಷ್ಟೋ ವರ್ಷ ನಗಿಸಿದ್ದೇನೆ. ಈಗ ಅವರ ವಯಸ್ಸನ್ನೂ ದಾಟಿದ್ದೇನೆ. ಆಡಿದ ಮಾತಿನಿಂದ ಇಳಿಯಲು ಮೆಟ್ಟಿಲು ಸಿಗದೆ ಒದ್ದಾಡುವುದು ಏನೆಂದು ನನಗೂ ಗೊತ್ತು. ಸೋಪು ಹಚ್ಚಲು ಅವರು ಎಷ್ಟು ದಿನದಿಂದ ಕಾಯುತ್ತಿದ್ದರೋ. ರೂಪಾಯಿ ಬಿದ್ದ ಆ ದಿನ ಇಡೀ ದೇಶದಲ್ಲಿ ಹೊಟ್ಟೆ ತುಂಬ ಉಂಡವರು ಬಹುಶಃ ನಮ್ಮ ಮಾವ ಒಬ್ಬರೇ.