ಒಂದೇ ಗೋಡೆಯ ಎರಡು ಗುಡಿಸಲು

ನಾನು ಹುಡುಗಿಯಾಗಿದ್ದಾಗ, ಎಂಬತ್ತರ ದಶಕದಲ್ಲಿ, ಮಾರಿಕುಪ್ಪಂ ರೈಲು ಹಳಿಯ ಪಕ್ಕದ ಸರ್ಕಾರಿ ಜಾಗದಲ್ಲಿ ನಮ್ಮ ಗುಡಿಸಲಿತ್ತು. ಅಲ್ಲಿನ ಚಿನ್ನದ ಗಣಿಯಲ್ಲಿ ಕಾಯಂ ಕೆಲಸದವರಿಗೆ ಕಂಪನಿ ಸಾಲಾಗಿ ಕಟ್ಟಿಸಿಕೊಟ್ಟ ಲೈನ್ ಮನೆಗಳಿದ್ದವು. ಅಪ್ಪನಂಥ ಕೂಲಿಯವರಿಗೆ ಯಾರು ಕೊಡುತ್ತಾರೆ ಮನೆ? ನಮಗೂ ಪಕ್ಕದ ತಮಿಳು ಅಕ್ಕನಿಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಚೆ ಅಕ್ಕ ಕೆಮ್ಮಿದರೆ ಈಚೆ ಅಮ್ಮ ಶುಂಠಿ ಜಜ್ಜುತ್ತಿದ್ದಳು. ಆ ಕೆಮ್ಮನ್ನು ಇನ್ನೊಮ್ಮೆ ಕೇಳಬೇಕು ಅಂತ ಈಗಲೂ ನನಗೆ ಅನಿಸುತ್ತದೆ.

ಅಮ್ಮನಿಗಿದ್ದದ್ದು ಒಂದೇ ಆಸೆ: ಯಾರೂ ಎಬ್ಬಿಸದ ಸ್ವಂತ ಮನೆ, ಪಕ್ಕದಲ್ಲಿ ಈ ಅಕ್ಕ. ಅದಕ್ಕೇ ಇಬ್ಬರೂ ಸೇರಿ ಬೀದಿಯ ಹೆಂಗಸರ ಸಂಘ ಕಟ್ಟಿದರು.

ಗುಡಿಸಲು ಖಾಲಿ ಕಂಡರೆ ಅಧಿಕಾರಿಗಳು ಕೀಳಿಸಿಬಿಡುತ್ತಿದ್ದರು. ಒಲೆ ಉರಿಯುವ ಮನೆಗೆ ಕೈ ಹಾಕಲು ಮಾತ್ರ ಅವರಿಗೂ ಹಿಂಜರಿಕೆ. ಹಾಗಾಗಿ ಹೆಂಗಸರು ಅರ್ಜಿ ಹಿಡಿದು ರೈಲಿನಲ್ಲಿ ಬಂಗಾರಪೇಟೆಯ ತಾಲ್ಲೂಕು ಕಚೇರಿಗೆ ಹೋದ ದಿನ, ಉಳಿದವರು ಎಲ್ಲರ ಒಲೆಯನ್ನೂ ಉರಿಸಬೇಕು ಎಂದು ಸಂಘದಲ್ಲಿ ಮಾತಾಗಿತ್ತು. ನಮ್ಮದು, ಅಕ್ಕನದು, ಎರಡು ಒಲೆ ನನ್ನ ಪಾಲಿಗೆ. ಅಕ್ಕಿ ಎಲ್ಲಿಂದ ಬರಬೇಕು? ಬರೀ ನೀರು ಕುದಿಯುತ್ತಿತ್ತು.

"ಒಗೆ ಕಾಣ್ಬೇಕು ಕಣೇ, ಒಳಗೇನ್ ಬೇಯ್ತದೆ ಅಂತ ಯಾರ್ ನೋಡ್ತಾರೆ!" ಎಂದು ಅಮ್ಮ ರೈಲಿಗೆ ಓಡುತ್ತಿದ್ದಳು.

ಆ ಕಚೇರಿಯವರೋ, ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ. ವರ್ಷಗಟ್ಟಲೆ ಇದೇ ರಾಗ. ಕೊನೆಗೊಮ್ಮೆ ಹೆಂಗಸರೆಲ್ಲ ಅಲ್ಲೇ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಅಕ್ಕ ತನ್ನ ಹರಕು ಕನ್ನಡದಲ್ಲಿ, "ನಾವ್ ಇಲ್ಲೇ ಸಂಸಾರ ಮಾಡ್ತೀವಿ ಸಾರ್, ನೀವ್ ಓಗಿ ನಮ್ ಗುಡಿಸಲ್ನಾಗೆ ಇರಿ" ಎಂದಳಂತೆ. ಅದನ್ನೇ ಹೇಳಿಕೊಂಡು ನಗುತ್ತಾ ಬಂದರು.

ಅಂತೂ ಜಾಗ ಮಂಜೂರಾಯಿತು. ಊರಾಚೆಯ ಬಯಲಿನಲ್ಲಿ ಎಲ್ಲರಿಗೂ ಸೈಟು, ಹಕ್ಕುಪತ್ರ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದರು. ನಮ್ಮದು ರಸ್ತೆಯ ಬದಿಗೆ ಬಂತು, ಅಕ್ಕನದು ಬಯಲಿನ ಆ ತುದಿಗೆ. ಕೂಗಿದರೂ ಕೇಳದಷ್ಟು ದೂರ. ಬದಲಾಯಿಸಿಕೊಡಿ ಸ್ವಾಮಿ ಎಂದು ಅಮ್ಮ ಸಾಹೇಬರ ಹಿಂದೆ ಓಡಿದಳು.

"ಪತ್ರದಲ್ಲಿ ನಂಬರು ಬಿದ್ದಾಯ್ತಮ್ಮ. ಸಿಕ್ಕಿದ್ದಕ್ಕೆ ಖುಷಿಪಡು, ಹೋಗು" ಎಂದು ಅವರು ಜೀಪು ಹತ್ತಿದರು.

ಸುತ್ತಲೂ ಎಲ್ಲರೂ ಸಿಹಿ ಹಂಚುತ್ತಿದ್ದರು. ನಾಲ್ಕು ಕಲ್ಲು ನೆಟ್ಟ ನಮ್ಮ ಸ್ವಂತ ಜಾಗದ ನಡುವೆ ಕೂತು ಅಮ್ಮ ಅತ್ತಳು.

"ಅಷ್ಟೊಂದು ಅರ್ಜಿ ಬರೆಸಿದ್ವಲ್ಲೇ," ಎಂದಳು, "ಅಕ್ಕಪಕ್ಕದಾಗೇ ಕೊಡಿ ಅಂತ ಒಂದ್ರಾಗೂ ಬರೆಸ್ಲಿಲ್ಲ."