ಹೊಟ್ಟೆ ನೋಡಿ ಬಡಿಸಿದವಳು

ಆಫೀಸಿನಲ್ಲಿ ಅವಳನ್ನು ನಾವೆಲ್ಲ ‘ತಕ್ಕಡಿ ಅಕ್ಕ’ ಎನ್ನುತ್ತೇವೆ. ಪರೀಕ್ಷೆಯ ಫಲಿತಾಂಶ ತೋರಿಸುವ ವೆಬ್‌ಸೈಟ್ ನಮ್ಮದು. ಆ ಪುಟಗಳನ್ನು ಊರೂರಿನ ಸರ್ವರ್‌ಗಳಲ್ಲಿಟ್ಟು ಜನರಿಗೆ ತಲುಪಿಸಲು ಮೂರು ಕಂಪನಿಗಳ ಜಾಲಗಳನ್ನು ಬಾಡಿಗೆಗೆ ಹಿಡಿದಿದ್ದೇವೆ. ನುಗ್ಗಿ ಬರುವ ಜನರನ್ನು ಮೂರಕ್ಕೂ ಹಂಚುವುದು ಅಕ್ಕನ ಕೆಲಸ.

ಹೋದ ವರ್ಷ ಮ್ಯಾನೇಜರು "ಸಮವಾಗಿ ಹಂಚಮ್ಮ" ಎಂದಿದ್ದರು. ಅಕ್ಕ ಸರಿಯಾಗಿ ಮೂರು ಪಾಲು ಮಾಡಿದಳು. ಫಲಿತಾಂಶ ಬಿಟ್ಟ ಹತ್ತೇ ನಿಮಿಷಕ್ಕೆ ಮೂರರಲ್ಲಿ ಚಿಕ್ಕ ಜಾಲ ಕುಸಿಯಿತು. ಅದರ ಜನರೆಲ್ಲ ಉಳಿದೆರಡರ ಮೇಲೆ ಬಿದ್ದು, ಅವೂ ಮಕಾಡೆ ಮಲಗಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೇಳಿದವರು ಮ್ಯಾನೇಜರು, ಬೈಸಿಕೊಂಡವಳು ಇವಳು. ಇನ್ನೊಂದು ಸಲ ಹೀಗಾದರೆ ಈ ಕೆಲಸಕ್ಕೆ ಬೇರೆಯವರು ಎಂದು ಎಲ್ಲರೆದುರೇ ಹೇಳಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಅವಳು ಮನೆಗೆ ಹೋಗಿ ಅತ್ತಳಂತೆ. ಅವಳ ಅತ್ತೆ ಮೂವತ್ತು ವರ್ಷ ಹಾಸ್ಟೆಲಿನ ಅಡುಗೆಮನೆ ನಡೆಸಿದವರು. ಕಥೆಯೆಲ್ಲ ಕೇಳಿ ನಕ್ಕರಂತೆ.

"ಅಲ್ಲ ಕಣೇ, ಸಮ ಅಂದ್ರೆ ಎಲ್ಲರಿಗೂ ಒಂದೇ ಸೌಟಾ? ಹೊಟ್ಟೆ ನೋಡಿ ಬಡಿಸ್ಬೇಕು. ಬಡಿಸಿದ್ದನ್ನ ಮಾತ್ರ ಕಿತ್ಕೋಬಾರ್ದು. ಒಬ್ಬನಿಗೆ ಸಾಕಾಯ್ತು ಅಂದ್ರೆ ಮುಂದಿನ ಸೌಟು ಇನ್ನೊಬ್ಬನಿಗೆ, ಅಷ್ಟೇ."

ಅಕ್ಕ ತಿಂಗಳುಗಟ್ಟಲೆ ಕೂತು ಒಂದೊಂದು ಜಾಲದ ಹೊಟ್ಟೆ ಅಳೆದಳು. ನೂರು ಜನ ಬಂದರೆ ದೊಡ್ಡದಕ್ಕೆ ಐವತ್ತೈದು, ನಡುವಿನದಕ್ಕೆ ಮೂವತ್ತು, ಚಿಕ್ಕದಕ್ಕೆ ಹದಿನೈದು ಎಂದು ಗೊತ್ತುಮಾಡಿದಳು. ಮ್ಯಾನೇಜರಿಗೆ ಹೇಳುವ ಗೋಜಿಗೇ ಹೋಗಲಿಲ್ಲ.

ಈ ವರ್ಷ ಬೆಳಿಗ್ಗೆ ಹನ್ನೊಂದಕ್ಕೆ ಫಲಿತಾಂಶ ಬಿಟ್ಟರು. ಮೂರನೇ ನಿಮಿಷಕ್ಕೆ ದೊಡ್ಡ ಜಾಲವೇ ಏದುಸಿರು ಬಿಡತೊಡಗಿತು. ನನ್ನ ಜೀವ ಬಾಯಿಗೆ ಬಂತು.

"ಅಕ್ಕಾ, ಎಲ್ಲರನ್ನೂ ಪಕ್ಕದ್ದಕ್ಕೆ ತಳ್ಳಿಬಿಡು!" ಎಂದೆ.

"ಸುಮ್ನಿರೋ. ಉಣ್ತಾ ಕೂತೋರನ್ನ ಯಾರಾದ್ರೂ ಎಬ್ಬಿಸ್ತಾರಾ?"

ಹೊಸದಾಗಿ ಬರುವವರಲ್ಲಿ ಮಾತ್ರ ನೂರಕ್ಕೆ ಐದು ಜನರನ್ನು ನಡುವಿನ ಜಾಲಕ್ಕೆ ತಿರುಗಿಸಿದಳು. ಕಾದಳು. ಮತ್ತೆ ಐದು. ಪರದೆಯ ಮೇಲೆ ದೊಡ್ಡ ಜಾಲದ ಹೊರೆ ತೋರಿಸುತ್ತ ಏರುತ್ತಿದ್ದ ಕೆಂಪು ಗೆರೆ ನಿಂತಿತು, ಆಮೇಲೆ ಮೆಲ್ಲಗೆ ಇಳಿಯಿತು.

ಹನ್ನೊಂದೂ ಮುಕ್ಕಾಲಿಗೆ ಮ್ಯಾನೇಜರು ಓಡೋಡಿ ಬಂದರು. "ಏನಮ್ಮಾ, ಇನ್ನೂ ಸೈಟ್ ಶುರು ಮಾಡಿಲ್ವಾ? ಒಂದು ದೂರೂ ಬಂದಿಲ್ವಲ್ಲ!"

"ಶುರುವಾಗಿ ಮುಗೀತಾ ಬಂತು ಸರ್. ಒಂಬತ್ತು ಲಕ್ಷ ಮಕ್ಕಳು ನೋಡ್ಕೊಂಡು ಹೋದ್ರು."

ನಾನು ಎದ್ದು ಚಪ್ಪಾಳೆ ತಟ್ಟಿದೆ. ಹಿಂದಿನ ಸಾಲಿನವರೂ ಎದ್ದರು. ಕೊನೆಗೆ ಮ್ಯಾನೇಜರೂ ತಟ್ಟಲೇಬೇಕಾಯಿತು. ಇಷ್ಟು ಖುಷಿ ನನಗೆ ನನ್ನ ಫಲಿತಾಂಶದ ದಿನವೂ ಆಗಿರಲಿಲ್ಲ.

"ಮುಂದಿನ ವರ್ಷಾನೂ ನೀನೇ ನೋಡ್ಕೊಳ್ಳಮ್ಮ" ಎಂದರು ಮ್ಯಾನೇಜರು.

"ನೋಡ್ಕೋತೀನಿ ಸರ್. ಹೇಗೆ ಹಂಚ್ಬೇಕು ಅಂತ ನೀವು ಮಾತ್ರ ಹೇಳ್ಬೇಡಿ."