ಸಲೀಮನ ಎಡಗಾಲು

ಪಕ್ಕದ ಮನೆಯ ಮಕ್ಕಳು ನಮ್ಮ ಡ್ರೈವ್‌ವೇ ಮೇಲೆ ಕುಂಟೆಬಿಲ್ಲೆಯ ಗೆರೆ ಎಳೆದು, ಸೀಮೆಸುಣ್ಣ ಅಲ್ಲೇ ಬಿಟ್ಟು ಹೋಗಿದ್ದರು. ಈ ದೇಶದಲ್ಲಿ ಸೀಮೆಸುಣ್ಣ ಕೂಡ ಚೆನ್ನಾಗಿ ತಿಂದು ಬೆಳೆದಿರುತ್ತದೆ. ಬಾಳೆಕಾಯಿ ಗಾತ್ರ, ಗುಲಾಬಿ ಬಣ್ಣ. ಎತ್ತಿಡೋಣ ಅಂತ ಬಗ್ಗಿದೆ. ಬೆರಳಿಗೆ ಪುಡಿ ಹತ್ತಿತು, ಆ ಒಣ ವಾಸನೆ ಮೂಗಿಗೆ ಬಂತು. ಸೀಮೆಸುಣ್ಣ ಕಂಡರೆ ಬೇರೆಯವರಿಗೆ ಸ್ಕೂಲು ನೆನಪಾಗಬಹುದು. ನನಗೂ ಸ್ಕೂಲಿಗೂ ಏಳನೇ ಕ್ಲಾಸಿಗೇ ಸಲಾಂ ಆಗಿತ್ತು. ನನಗೆ ನೆನಪಾಗುವುದು ನನ್ನ ತಮ್ಮ ಸಲೀಮನ ಎಡಗಾಲು.

ಅದು ಹೇಗೆ ಅಂತ ಹೇಳಬೇಕಾದರೆ ನಮ್ಮ ಅಬ್ಬನಿಂದ ಶುರುಮಾಡಬೇಕು. ಮೈಸೂರಿನಲ್ಲಿ ಅವರದೊಂದು ಸಣ್ಣ ಗ್ಯಾರೇಜು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲಿಗೆ ಚಹಾ ಕೊಡಲು ಹೋಗಿ, ಲೋಟ ವಾಪಸು ತರುವ ನೆಪದಲ್ಲಿ ಸಾಯಂಕಾಲದವರೆಗೆ ಕೂತಿರುತ್ತಿದ್ದೆ. ಅಬ್ಬ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ಮೊನೆಯನ್ನು ಎಂಜಿನ್ನಿಗೆ ಇಟ್ಟು, ಕಣ್ಣು ಮುಚ್ಚಿ, ಡಾಕ್ಟರ ಹಾಗೆ ಕಾಯಿಲೆ ಹೇಳುತ್ತಿದ್ದರು. ಏನನ್ನೇ ಬಿಚ್ಚುವ ಮೊದಲು ಎರಡು ಭಾಗಕ್ಕೂ ತಾಗುವ ಹಾಗೆ ಸೀಮೆಸುಣ್ಣದಲ್ಲಿ ಒಂದು ಗೆರೆ. ತಿರುಗಿ ಸೇರಿಸುವಾಗ ಆ ಗೆರೆ ಕೂಡಬೇಕು. "ಬಿಚ್ಚೋಕೆ ಧೈರ್ಯ ಸಾಕು, ಸೇರಿಸೋಕೆ ಗುರುತು ಬೇಕು" ಅನ್ನುತ್ತಿದ್ದರು. ನನಗೆ ಧೈರ್ಯ ಮಾತ್ರ ಬಳುವಳಿಯಾಗಿ ಬಂತು.

ಮದುವೆಯಾಗಿ ಈ ವುಡ್‌ಬ್ರಿಡ್ಜಿಗೆ ಬಂದೆ. ಆಮೇಲೆ ಸಲೀಮನೂ ಓದು ಮುಗಿಸಿ ಬಂದ. ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ ಕಾಲದಲ್ಲಿ ಅವನು ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ. ಒಂದು ಬೆಳಿಗ್ಗೆ ಕರೆದು, ಕೈಗೊಂದು ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿದರು. ಒಡೆಯನ ಕೆಲಸ ಹೋದದ್ದು ಗೊತ್ತಾದ ಹಾಗೆ ಅವನ ಹಳೆ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸೂ ಪ್ರಾಣ ಬಿಟ್ಟಿತು. ಇಂಟರ್‌ವ್ಯೂಗಳಿಗೆ ಹೋಗಲು ಕಾರು ಬೇಕಲ್ಲ. ಗುಜರಿಯಲ್ಲಿ ಅದೇ ಮಾದರಿಯ ಕಾರಿನ ಕೈ ಗೇರಿನ ಬಾಕ್ಸ್ ಹುಡುಕಿ ತಂದ.

"ಆಪಾ, ಇದನ್ನ ಕೂರಿಸಬಹುದಾ?"

"ಯಾರ ಮಗಳನ್ನ ಕೇಳ್ತಿದ್ದೀಯ?" ಅಂದೆ.

ಸಲೀಮ ಕಾರಿನ ಕೆಳಗೆ, ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೊಡುವವಳು. ನಮ್ಮ ಯಜಮಾನರು ಟಾರ್ಚು ಹಿಡಿದಿದ್ದರು. ಬೋಲ್ಟೊಂದನ್ನು ಬಿಟ್ಟು ಉಳಿದೆಲ್ಲದರ ಮೇಲೂ ಬೆಳಕು ಬೀಳುತ್ತಿತ್ತು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟ್ ಇದೆಯಲ್ಲ, ಅದು ಎರಡು ತುಂಡು, ಹಲ್ಲಿಗೆ ಹಲ್ಲು ಕೂತು ಸೇರಿರುತ್ತದೆ. ಅದಕ್ಕೆ ಗೆರೆ ಎಳೆಯಲೆಂದೇ ಮಗಳ ಸೀಮೆಸುಣ್ಣ ತಂದು ಕಮೀಜಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂತು. "ನೀನು ಬಿಚ್ಚುತ್ತಿರು" ಅಂತ ಹೇಳಿ ಒಳಗೆ ಓಡಿದೆ. ಬೇಳೆಯೂ ಉಳಿಯಲಿಲ್ಲ, ಗೆರೆಯೂ ಆಗಲಿಲ್ಲ.

ಕಾರು ಓಡಿತು. ಶೀರ್ ಖುರ್ಮಾ ಮಾಡಿ ಹಂಚಿದೆ. ಆದರೆ ಸದ್ದು? ಗೇರ್ ಕೋಲಿನ ತೂತಿನಿಂದ ಇಡೀ ರಸ್ತೆಯೇ ಒಳಗೆ ಬಂದು ಮಾತಾಡುತ್ತಿತ್ತು. ಅತ್ತೆಯ ಬಿಸಿನೀರಿನ ರಬ್ಬರ್ ಚೀಲ ಕತ್ತರಿಸಿ ಆ ತೂತಿಗೆ ಕವಚ ಹಾಕಿದೆವು. ಗೇರ್‌ಬಾಕ್ಸಿನ ಕೆಳಗೆ ಹವಾಯಿ ಚಪ್ಪಲಿಯ ತುಂಡುಗಳು, ಕಾಲಡಿಗೆ ಹಳೆ ಕಾರ್ಪೆಟ್ಟು. ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಅಡಗಿದವು. ನೆಂಟರೆಲ್ಲ ಮಲಗಿದ ಮೇಲೆ ಮಾವನ ಗೊರಕೆ ಕೇಳಿಸುತ್ತದಲ್ಲ, ಹಾಗೆ ದೊಡ್ಡ ಸದ್ದೊಂದು ಮಾತ್ರ ಉಳಿಯಿತು. ವೇಗ ನಲವತ್ತೈದು ಮೈಲಿ ದಾಟಿದರೆ ಸೀಟಿನಡಿ ತಮಟೆ, ಯಜಮಾನರ ಕನ್ನಡಕ ಮೂಗಿನ ತುದಿಗೆ.

"ಏನಿರಬಹುದು ಆಪಾ?"

ನಾನು ಅಬ್ಬನ ಹಾಗೆ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದೆ. ಏನೂ ತಿಳಿಯಲಿಲ್ಲ. ಕಣ್ಣು ಬಿಟ್ಟು ಹೇಳಿದೆ: "ಗಾಡಿದೇನೂ ಇಲ್ಲ. ನಿನ್ನ ಎಡಗಾಲು ಭಾರ. ಕ್ಲಚ್ ಮೇಲೆ ಕೋಣ ಕಟ್ಟಿದ ಹಾಗೆ ಕಾಲಿಡ್ತೀಯ. ಬೂಟು ಬಿಚ್ಚಿ ಓಡಿಸು."

ಅವನು ನಂಬಿದ. ಆ ದಿನಗಳಲ್ಲಿ ತಪ್ಪು ನಿನ್ನದು ಅಂತ ಯಾರು ಹೇಳಿದರೂ ಅವನು ನಂಬುತ್ತಿದ್ದ. ಕಾರು ಹತ್ತುವ ಮುಂಚೆ, ಮಸೀದಿಯ ಬಾಗಿಲಲ್ಲಿ ಬಿಡುವ ಹಾಗೆ ಎಡಗಾಲಿನ ಬೂಟು ಬಿಚ್ಚಿ, ಎತ್ತಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಳ್ಳುತ್ತಿದ್ದ.

ಆ ವಾರ ಬಟ್ಟೆ ಒಗೆದಾಗ ಯಜಮಾನರ ಕಪ್ಪು ಪ್ಯಾಂಟುಗಳೆಲ್ಲ ಬೂದಿ ಬಳಿದುಕೊಂಡ ಹಾಗೆ ಹೊರಬಂದವು. ಕಮೀಜಿನ ಜೇಬಿನಲ್ಲಿ ಸೀಮೆಸುಣ್ಣದ ಚೂರು. ವಾಷಿಂಗ್ ಮೆಷಿನ್ನಿನ ಮುಂದೆ ಹಾಗೇ ಕೂತೆ. ಶಾಫ್ಟ್ ತಪ್ಪು ಹಲ್ಲಿಗೆ ಕೂತಿದೆ, ಕಾಲಿನದೇನೂ ತಪ್ಪಿಲ್ಲ. ಶುಕ್ರವಾರದ ಜುಮ್ಮಾ ಆಗಲಿ, ಹೇಳುತ್ತೇನೆ ಅಂದುಕೊಂಡೆ. ಜುಮ್ಮಾ ಬಂತು, ಹೋಯಿತು. ಅಬ್ಬನ ಮಗಳು ಅನ್ನಿಸಿಕೊಂಡವಳಿಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಮಾರಿಸ್‌ಟೌನಿನಲ್ಲಿ ಇಂಟರ್‌ವ್ಯೂ ಬಂತು. ಮಳೆ, ಮಂಜು, ಟ್ರಾಫಿಕ್ಕು. ತಡವಾಯಿತೆಂದು ಸಲೀಮ ಕಾರಿನಿಂದ ಇಳಿದು ಓಡಿದ. ರಿಸೆಪ್ಷನ್ನಿನ ಹುಡುಗಿ ಕೆಳಗೆ ನೋಡಿದಾಗ ಅವನೂ ನೋಡಿಕೊಂಡ. ಬಲಗಾಲಿನಲ್ಲಿ ಪಾಲಿಶ್ ಮಾಡಿದ ಬೂಟು, ಎಡಗಾಲಿನಲ್ಲಿ ನೀರು ಕುಡಿದ ಕಾಲುಚೀಲ. ಹಾಗೇ ಒಳಗೆ ಹೋಗಿ ಕೂತನಂತೆ. ಕರೆಯುತ್ತೇವೆ ಅಂದವರು ಕರೆಯಲಿಲ್ಲ.

ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಅವನೇ ಇದನ್ನೆಲ್ಲ ಅಭಿನಯಿಸಿ ತೋರಿಸಿದ. ಯಜಮಾನರು ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡರು. ಕೈ ತೊಳೆಯುವಾಗ ಮಾತ್ರ ಸಲೀಮ ನನಗೊಬ್ಬಳಿಗೇ ಕೇಳುವ ಹಾಗೆ ಅಂದ: "ನನ್ನ ಕಾಲನ್ನೂ ನಾನು ನಂಬೋ ಹಾಗಿಲ್ಲ, ಆಪಾ."

ಮರುದಿನ ಅವನು ಕಾರು ನಮ್ಮಲ್ಲೇ ಬಿಟ್ಟು ಟ್ರೈನಿನಲ್ಲಿ ನ್ಯೂಯಾರ್ಕಿಗೆ ಹೋದಾಗ ನಾನೇ ಕಾರಿನ ಕೆಳಗೆ ನುಗ್ಗಿದೆ. ಟಾರ್ಚಿನವರಿಗೆ, ಬಾಯಿ ಬಿಟ್ಟರೆ ಬಿರಿಯಾನಿ ಇಲ್ಲ ಅಂತ ಹೇಳಿಯಾಗಿತ್ತು. ಶಾಫ್ಟಿನ ಎರಡೂ ಕೊನೆ ಒಂದೇ ಕಡೆ ಮುಖ ಮಾಡುವ ಹಾಗೆ ಹಲ್ಲು ತಿರುಗಿಸಿ ಕೂರಿಸಿದೆ. ತಮಟೆ ನಿಂತಿತು.

ಸಲೀಮ ಒಂದು ಸುತ್ತು ಓಡಿಸಿ ಬಂದ. "ಆಪಾ, ಕಾಲು ಹಗುರಾಯ್ತು ನೋಡು" ಅಂದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಗೆಲುವು ಕಂಡಿದ್ದೆ. "ಅಭ್ಯಾಸ ಕಣೋ" ಅಂದೆ. ಆಮೇಲೆ ಬೇರೆ ಕೆಲಸ ಸಿಕ್ಕಿತು, ಮನೆ ಆಯಿತು, ಮಗಳಾದಳು. ಇನ್ನು ಕೆದಕುವುದೇಕೆ ಅಂತ ಸುಮ್ಮನಿದ್ದೆ.

ಗುಲಾಬಿ ಸೀಮೆಸುಣ್ಣ ಹಿಡಿದು ನಾನಿನ್ನೂ ಅಲ್ಲೇ ನಿಂತಿದ್ದೆ, ಅದೇ ಹಳೆ ಕಾರು ಎಗರೆಗರಿ ಬಂದು ನಿಂತಿತು. ಸಲೀಮ ಮಗಳು ಜೋಯಾಗೆ ಡ್ರೈವಿಂಗ್ ಕಲಿಸುತ್ತಿದ್ದ. ಅವಳು ಇಳಿದಳು, ಎಡಗಾಲು ಬರಿಗಾಲು.

"ನಮ್ಮ ಮನೆಯವರ ಎಡಗಾಲೇ ಭಾರ ಕಣಮ್ಮ" ಅಂತ ಅವನು ಸಮಾಧಾನ ಹೇಳುತ್ತಿದ್ದ. "ಬೇಕಾದರೆ ಅತ್ತೆನ ಕೇಳು. ಕಂಡುಹಿಡಿದಿದ್ದೇ ಅವರು."

"ಸೋ ಇಟ್ಸ್ ಜೆನೆಟಿಕ್?" ಅಂದಳು ಜೋಯಾ.

ಇನ್ನು ತಡೆಯಲಾಗಲಿಲ್ಲ. ಬೇಳೆಯಿಂದ ಹಿಡಿದು ಬಿರಿಯಾನಿಯವರೆಗೆ ಎಲ್ಲ ಹೇಳಿಬಿಟ್ಟೆ. ಸಲೀಮ ಕಾರಿನಿಂದ ಇಳಿದು ಹತ್ತಿರ ಬಂದ.

"ಮಾರಿಸ್‌ಟೌನಿಗೆ ಹೋಗೋ ಮುಂಚೆಯೇ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ತನ್ನ ಎಡಗಾಲನ್ನು, ಯಾರದೋ ಅನ್ನುವ ಹಾಗೆ ನೋಡಿದ. ಮಗಳಿಗೆ "ಬೂಟು ಹಾಕ್ಕೊ" ಅಂದ. ಚಹಾಕ್ಕೂ ನಿಲ್ಲದೆ ತಾನೇ ಸ್ಟಿಯರಿಂಗ್ ಹಿಡಿದು ಹೊರಟುಹೋದ.

ಕಾರು ತಿರುವು ದಾಟಿದ ಮೇಲೆ ನೋಡಿದೆ. ಕುಂಟೆಬಿಲ್ಲೆಯ ಪಕ್ಕದಲ್ಲಿ ಅವನ ಎಡಗಾಲಿನ ಬೂಟು. ಅಷ್ಟು ಕೋಪದಲ್ಲೂ ಬಿಚ್ಚಿಯೇ ಹತ್ತಿದ್ದ, ಎತ್ತಿಕೊಳ್ಳುವುದು ಮರೆತಿದ್ದ. ನಗು ಬಂತು, ಕಣ್ಣೀರೂ ಬಂತು. ಒಳಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ನಾನು ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತು, ಮೊದಲು ಬೂಟಿನ ಸುತ್ತ ಒಂದು ಗೆರೆ ಎಳೆದೆ. ಆಮೇಲೆ ಅದನ್ನು ಎತ್ತಿಕೊಂಡು ಫೋನು ತೆಗೆಯಲು ಒಳಗೆ ಹೋದೆ.